ಬಿಡಿಭಾಗಗಳಿಂದ ಒಂದು ಬೆಂಟ್ಲಿ

ಎರಡನೇ ಮಹಾಯುದ್ಧಕ್ಕೆ ಮೊದಲಿನ ಬೆಂಟ್ಲಿ, ಡ್ಯೂಸನ್‌ಬರ್ಗ್, ರೋಲ್ಸ್ ರಾಯ್ಸ್ ಮುಂತಾದ ಕಾರುಗಳ ಕಿರು ಮಾದರಿಗಳು ಬಿಡಿಭಾಗಗಳ ಕಿಟ್‌ಗಳಾಗಿ ಸಿಗುತ್ತವೆ. ಅವನ್ನು ಕೂಡಿಡುವುದೂ ಜೋಡಿಸುವುದೂ ಯುರೋಪು, ಅಮೆರಿಕಗಳಲ್ಲಿ ಚೆನ್ನಾಗಿ ಬೇರೂರಿದ ಹವ್ಯಾಸ. 1950ರ ದಶಕದ ಆರಂಭದಲ್ಲಿ ಅಮೆರಿಕದ ರೆವೆಲ್ ಕಂಪನಿ ‘ಹೈವೇ ಪಯನೀರ್ಸ್’ ಹೆಸರಿನಲ್ಲಿ ಮಾರಿದ ಅಗ್ಗದ ಪ್ಲಾಸ್ಟಿಕ್ ಕಿಟ್‌ಗಳಿಂದ ಇದು ಜನಪ್ರಿಯವಾಯಿತು. ಮುಂದೆ ಬ್ರಿಟನ್ನಿನ ಏರ್‌ಫಿಕ್ಸ್, ಅಮೆರಿಕದ ಮೊನೊಗ್ರಾಮ್, ಇಟಲಿಯ ಪೋಕೆರ್ ಕಂಪನಿಗಳೂ ಹಳೆಯ ಕಾರುಗಳ ಕಿಟ್‌ಗಳಿಗೆ ಹೆಸರಾದವು.

ಕಿಟ್ ಆರಿಸುವಾಗ ಮೊದಲು ನೋಡುವುದು ಅದರ ಪ್ರಮಾಣವನ್ನು. 1930ರ ‘ಬ್ಲೋವರ್’ ಬೆಂಟ್ಲಿಯ ಉದ್ದ ಸುಮಾರು 4.4 ಮೀಟರ್. 1:24 ಪ್ರಮಾಣದಲ್ಲಿ ಅದು 18 ಸೆಂಟಿಮೀಟರ್ ಆಗುತ್ತದೆ, ಏರ್‌ಫಿಕ್ಸ್ ತಯಾರಿಸಿದ 1:12ರ ಕಿಟ್‌ನಲ್ಲಿ ಸುಮಾರು 37 ಸೆಂಟಿಮೀಟರ್. ಮೊನೊಗ್ರಾಮ್‌ನ ಡ್ಯೂಸನ್‌ಬರ್ಗ್, ಕಾರ್ಡ್ ಕಾರುಗಳ ಮಾದರಿಗಳು 1:24ರವು. ಪೋಕೆರ್ ಕಂಪನಿಯದು 1:8ರ ಭಾರಿ ಗಾತ್ರ. ಅದರ ರೋಲ್ಸ್ ರಾಯ್ಸ್ ಫ್ಯಾಂಟಮ್ 2 ಕಿಟ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಭಾಗಗಳಿದ್ದು, ಚಕ್ರದ ಒಂದೊಂದು ಕಡ್ಡಿಯನ್ನೂ ಕೈಯಿಂದಲೇ ಕೂರಿಸಬೇಕು.

ಈ ಕಾರುಗಳ ರಚನೆಯೇ ಜೋಡಣೆಗೆ ಒಗ್ಗುವಂಥದ್ದು. ಅಂದಿನ ದುಬಾರಿ ಕಾರುಗಳನ್ನು ಕಂಪನಿಗಳು ಎಷ್ಟೋ ಸಲ ಎಂಜಿನ್ ಸಹಿತ ಚಾಸಿಯಾಗಿ ಮಾತ್ರ ಮಾರುತ್ತಿದ್ದವು. ಗಿರಾಕಿ ಅದನ್ನು ಕೋಚ್‌ಬಿಲ್ಡರ್‌ಗೆ ಒಪ್ಪಿಸಿ ತನಗೆ ಬೇಕಾದ ಬಾಡಿ ಕಟ್ಟಿಸಿಕೊಳ್ಳುತ್ತಿದ್ದ. ಕಿಟ್ ಕೂಡ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಏಳುತ್ತದೆ: ಮೊದಲು ಏಣಿಯಾಕಾರದ ಚಾಸಿ, ಬಳಿಕ ಎಂಜಿನ್, ಸ್ಪ್ರಿಂಗ್, ಆಕ್ಸಲ್, ಕೊನೆಗೆ ಬಾಡಿ, ಮಡ್‌ಗಾರ್ಡ್, ಫುಟ್‌ಬೋರ್ಡ್. ಬಾನೆಟ್ ತೆರೆದರೆ ಎಂಜಿನ್ ಪೂರ್ತಿ ಕಾಣುವುದರಿಂದ ಒಳಗಿನ ಕೆಲಸಕ್ಕೂ ಹೊರಗಿನಷ್ಟೇ ಗಮನ ಬೇಕು.

ಭಾಗಗಳು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಅಚ್ಚಿನಿಂದ ಬರುತ್ತವೆ. ಅಚ್ಚಿನ ಎಣ್ಣೆ ಹೋಗುವಂತೆ ಅವನ್ನು ಸೋಪುನೀರಿನಲ್ಲಿ ತೊಳೆದು, ಒಣಗಿದ ಮೇಲೆ ಕಟರ್‌ನಿಂದ ಬಿಡಿಸಿ, ಅಂಚುಗಳನ್ನು ಅರದಿಂದ ಉಜ್ಜಬೇಕು. ಅಂಟು ಹಚ್ಚುವ ಮೊದಲು ಒಮ್ಮೆ ಹಾಗೆಯೇ ಕೂರಿಸಿ ನೋಡುವುದು ರೂಢಿ. ಈ ಕೆಲಸಕ್ಕೆ ಬಳಸುವ ಅಂಟು ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸಿ ಬೆಸೆಯುತ್ತದೆ. ಕ್ರೋಮ್ ಲೇಪನದ ಮೇಲೆ ಅದು ಹಿಡಿಯುವುದಿಲ್ಲವಾದ್ದರಿಂದ ಆ ಜಾಗದ ಲೇಪನವನ್ನು ಕೆರೆಯಬೇಕಾಗುತ್ತದೆ.

ಬಣ್ಣದ ವಿಷಯದಲ್ಲಿ ಇತಿಹಾಸದ ತಿಳಿವಳಿಕೆ ಬೇಕು. ಕಾರುಗಳಿಗೆ ಕ್ರೋಮ್ ಲೇಪನ ಬಳಕೆಗೆ ಬಂದದ್ದು 1920ರ ದಶಕದ ಕೊನೆಯ ಭಾಗದಲ್ಲಿ; ಅದಕ್ಕೆ ಮೊದಲು ನಿಕಲ್, ಹಿತ್ತಾಳೆಗಳದೇ ಕಾಲ. 1911ರ ಕಾರಿನ ದೀಪಗಳು ಕ್ರೋಮ್‌ನಂತೆ ಥಳಥಳಿಸಿದರೆ ಕೈಕೆಲಸ ಎಷ್ಟೇ ನಯವಾಗಿದ್ದರೂ ಮಾದರಿ ತಪ್ಪೇ. ಇಂದಿನ ಕಾರುಗಳ ಮಿನುಗುವ ಮೆಟಾಲಿಕ್ ಬಣ್ಣವೂ ಅದಕ್ಕೆ ಹೊಂದುವುದಿಲ್ಲ. ಪ್ರೈಮರ್ ಹಾಕಿದ ಮೇಲೆ ಬಣ್ಣವನ್ನು ತೆಳುವಾಗಿ, ಹಲವು ಪದರಗಳಲ್ಲಿ ಸಿಂಪಡಿಸುತ್ತಾರೆ; ದಪ್ಪಗೆ ಬಳಿದರೆ ಬಾಗಿಲಿನ ಗೆರೆ, ಬಾನೆಟ್ಟಿನ ಸೀಳುಗಳು ಮುಚ್ಚಿಹೋಗುತ್ತವೆ.

ಸಂಗ್ರಾಹಕರ ಲೆಕ್ಕ ಬೇರೆ. ಜೋಡಿಸದ, ಭಾಗಗಳ ಚೀಲ ಒಡೆಯದ, ಪೆಟ್ಟಿಗೆಯೂ ಸೂಚನಾಪತ್ರವೂ ಚೆನ್ನಾಗಿ ಉಳಿದ ಕಿಟ್‌ಗೆ ಅವರಲ್ಲಿ ಬೆಲೆ ಹೆಚ್ಚು. ಆದರೆ ಮುಚ್ಚಿದ ಪೆಟ್ಟಿಗೆಯಲ್ಲೂ ವಯಸ್ಸಾಗುತ್ತದೆ: ಮಾದರಿಯ ಮೇಲೆ ಅಂಟಿಸುವ ಡೆಕಾಲ್ ಚಿತ್ರಗಳು ಹಳದಿಗಟ್ಟುತ್ತವೆ, ವಿನೈಲ್ ಟೈರಿನಿಂದ ಒಸರುವ ರಾಸಾಯನಿಕ ತಾಗಿದ ಪ್ಲಾಸ್ಟಿಕ್ ಭಾಗವನ್ನು ಕರಗಿಸುತ್ತದೆ. ಅದಕ್ಕೇ ಟೈರುಗಳನ್ನು ಬೇರೆ ಚೀಲದಲ್ಲಿಡುವುದು ಒಳ್ಳೆಯದು. ಕಂಪನಿಗಳು ಕೈಬದಲಾದಾಗ ಅಚ್ಚುಗಳೂ ಕೈಬದಲಾಗುವುದುಂಟು. ಅದೇ ಕಿಟ್ ಹೊಸ ಹೆಸರಿನ ಪೆಟ್ಟಿಗೆಯಲ್ಲಿ ಮತ್ತೆ ಮಾರುಕಟ್ಟೆಗೆ ಬರುತ್ತದೆ. ಆಗ ಹಳೆಯ ಪ್ರತಿಯ ಬೆಲೆ ಇಳಿಯಬಹುದು. ಸಂಗ್ರಾಹಕನಿಗೆ ಅದು ನಷ್ಟ; ಜೋಡಿಸಲೆಂದೇ ಕಾದಿದ್ದವನಿಗೆ ಅದೇ ಕಿಟ್ ಕೈಗೆಟುಕುವ ಅವಕಾಶ.