ಪುಟ್ಟ ಮನೆಯ ಲೆಕ್ಕಾಚಾರ

ಅಟ್ಟವನ್ನು ಬಿಟ್ಟು 400 ಚದರ ಅಡಿ ಅಥವಾ ಅದಕ್ಕಿಂತ ಕಡಿಮೆ ವಿಸ್ತೀರ್ಣವಿರುವ ಮನೆಗೆ ಅಮೆರಿಕದಲ್ಲಿ ‘ಟೈನಿ ಹೋಮ್’ ಎಂಬ ಹೆಸರಿದೆ. 2018ರ ಅಂತರರಾಷ್ಟ್ರೀಯ ವಸತಿ ಸಂಹಿತೆಯ ಅನುಬಂಧವೊಂದು ಈ ಮಿತಿಯನ್ನು ಗೊತ್ತುಮಾಡಿತು. 1973ರಲ್ಲಿ ಆ ದೇಶದಲ್ಲಿ ಒಂದು ಕುಟುಂಬಕ್ಕೆಂದು ಕಟ್ಟಿದ ಹೊಸ ಮನೆಯ ಸರಾಸರಿ ವಿಸ್ತೀರ್ಣ ಸುಮಾರು 1,660 ಚದರ ಅಡಿ ಇತ್ತು. 2015ರ ಹೊತ್ತಿಗೆ ಅದು 2,600 ದಾಟಿತ್ತು. ಮನೆ ಬೆಳೆಯುತ್ತಿದ್ದ ಈ ಕಾಲದಲ್ಲೇ ಕುಟುಂಬಗಳು ಚಿಕ್ಕವಾಗುತ್ತಿದ್ದವು. ಬಳಸದ ಕೋಣೆಗಳಿಗಾಗಿ ದಶಕಗಟ್ಟಲೆ ಕಂತು ಕಟ್ಟುವುದು ಬೇಡವೆನಿಸಿದವರನ್ನು ಪುಟ್ಟ ಮನೆ ಸೆಳೆಯಿತು.

ಇಂಥವರಲ್ಲೊಬ್ಬರಾದ ಜೇ ಶೇಫರ್ 1999ರಲ್ಲಿ ಅಯೋವಾ ರಾಜ್ಯದಲ್ಲಿ ಸುಮಾರು ನೂರು ಚದರ ಅಡಿಯ ಮನೆಯೊಂದನ್ನು ಗಾಲಿಗಳ ಮೇಲೆ ಕಟ್ಟಿಕೊಂಡರು. ಗಾಲಿಗೆ ಕಾರಣ ಅಲೆದಾಟದ ಆಸೆಯಲ್ಲ. ಅಷ್ಟು ಸಣ್ಣ ಮನೆಗೆ ಅನೇಕ ಊರುಗಳಲ್ಲಿ ಪರವಾನಗಿಯೇ ಸಿಗುತ್ತಿರಲಿಲ್ಲ. ಟ್ರೇಲರ್ ಮೇಲೇರಿದರೆ ಅದು ಕಟ್ಟಡದ ನಿಯಮದಿಂದ ಜಾರಿ ವಾಹನದ ನಿಯಮಕ್ಕೆ ಬರುತ್ತಿತ್ತು. ವಿಶೇಷ ಅನುಮತಿಯಿಲ್ಲದೆ ರಸ್ತೆಗಿಳಿಯಬೇಕಾದರೆ ಅಗಲ ಎಂಟೂವರೆ ಅಡಿ ಮೀರುವಂತಿಲ್ಲ, ಎತ್ತರ ಹಲವು ರಾಜ್ಯಗಳಲ್ಲಿ ಹದಿಮೂರೂವರೆ ಅಡಿ ಮೀರುವಂತಿಲ್ಲ. ಹಾಸಿಗೆ ಅಟ್ಟ ಸೇರಿದ್ದು ಹೀಗೆ.

ಸಣ್ಣ ಮನೆಯನ್ನು ಬೆಚ್ಚಗಿಡಲು ವಿದ್ಯುತ್ತು ಕಡಿಮೆ ಸಾಕು ಎಂಬ ಮಾತು ನಿಜ. ಆದರೆ ಎಷ್ಟು ಕಡಿಮೆ? 20 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಮನೆಯ ನೆಲ 200 ಚದರ ಅಡಿ. ಗೋಡೆ, ಚಾವಣಿ ಸೇರಿ 800. ಅಷ್ಟೇ ಎತ್ತರದ, 50 ಅಡಿ ಉದ್ದ, 40 ಅಡಿ ಅಗಲದ ಮನೆಯಲ್ಲಿ ನೆಲ 2,000 ಚದರ ಅಡಿ. ಗೋಡೆ, ಚಾವಣಿ ಸೇರಿ 3,800. ಶಾಖ ಮುಖ್ಯವಾಗಿ ಸೋರುವುದು ಈ ಹೊರಮೈಯಿಂದಲೇ. ಆದ್ದರಿಂದ ನೆಲ ಹತ್ತನೇ ಒಂದಕ್ಕೆ ಇಳಿದರೂ ಶಾಖದ ನಷ್ಟ ಐದನೇ ಒಂದರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪ್ರತಿ ಚದರ ಅಡಿಯ ಲೆಕ್ಕದಲ್ಲಿ ನೋಡಿದರೆ ಪುಟ್ಟ ಮನೆಯೇ ದುಂದುಗಾರ! ಹಾಗೆಂದು ನಷ್ಟ ಐದನೇ ಒಂದಕ್ಕೆ ಇಳಿಯುವುದು ಸಣ್ಣ ಉಳಿತಾಯವೇನಲ್ಲ. ಜೊತೆಗೆ, ಹೊರಮೈ ಚಿಕ್ಕದಾದ್ದರಿಂದ ಒಳ್ಳೆಯ ಉಷ್ಣನಿರೋಧಕ ಪದರ ಹಾಕಿಸುವ ಖರ್ಚೂ ಕೈಗೆಟುಕುತ್ತದೆ.

ನಿಜವಾದ ತೊಡಕು ಗಾಳಿಯದು. ಉಸಿರು, ಬೆವರು, ಅಡುಗೆ, ಸ್ನಾನ ಎಲ್ಲವೂ ನೀರಾವಿಯನ್ನು ಹೊರಬಿಡುತ್ತವೆ. ಮೇಲಿನ ಎರಡು ಮನೆಗಳಲ್ಲೂ ಇಬ್ಬರೇ ಇದ್ದು, ಕಿಟಕಿಗಳನ್ನು ಭದ್ರವಾಗಿ ಮುಚ್ಚಿದರೆ, ಹತ್ತನೇ ಒಂದು ಗಾಳಿಯಿರುವ ಪುಟ್ಟ ಮನೆಯಲ್ಲಿ ತೇವಾಂಶವೂ ಇಂಗಾಲದ ಡೈಆಕ್ಸೈಡೂ ಹತ್ತು ಪಟ್ಟು ಬೇಗ ಏರುತ್ತವೆ. ಚಳಿಗಾಲದಲ್ಲಿ ಆ ತೇವ ತಣ್ಣನೆಯ ಗಾಜಿನ ಮೇಲೆ, ಹಾಸಿಗೆಯ ಅಡಿಯಲ್ಲಿ ನೀರಾಗಿ ಕೂರುತ್ತದೆ. ಬೂಸ್ಟು ಹಿಡಿಯುತ್ತದೆ, ಮರ ಕೊಳೆಯುತ್ತದೆ. ಕಿಟಕಿ ತೆರೆದಿಟ್ಟರೆ ಕೂಡಿಟ್ಟ ಶಾಖವೂ ಹೊರಗೆ ಹೋಗುತ್ತದೆ. ಹೀಗಾಗಿ ಶೀತಪ್ರದೇಶಗಳಲ್ಲಿ, ಹೊರಹೋಗುವ ಬೆಚ್ಚನೆಯ ಗಾಳಿಯ ಶಾಖವನ್ನು ಒಳಬರುವ ತಣ್ಣನೆಯ ಗಾಳಿಗೆ ದಾಟಿಸುವ ಪುಟ್ಟ ಯಂತ್ರವನ್ನು ಕೂರಿಸುತ್ತಾರೆ. ಹಣ ಉಳಿಸಲು ಇದನ್ನು ಕೈಬಿಡುವುದು ತಪ್ಪು ಲೆಕ್ಕ.

ಉಳಿತಾಯ ವಿದ್ಯುತ್ತಿನಲ್ಲಷ್ಟೇ ಇಲ್ಲ. ಸಿಮೆಂಟು, ಮರ, ಉಕ್ಕು ಕಡಿಮೆ ಸಾಕು. ಇಡಲು ಜಾಗವಿಲ್ಲದ್ದರಿಂದ ಕೊಳ್ಳುವ ಸಾಮಾನೂ ಕಡಿಮೆ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧನೆಯೊಂದು ಪುಟ್ಟ ಮನೆಗಳಿಗೆ ಬಂದವರ ಜೀವನಕ್ರಮವನ್ನು ಅಳೆದಾಗ, ಪರಿಸರದ ಮೇಲೆ ಅವರು ಹೇರುವ ಹೊರೆ ಸರಾಸರಿ ಶೇ 45ರಷ್ಟು ಇಳಿದಿತ್ತು.

ಆದರೆ ಪುಟ್ಟ ಮನೆ ಎಲ್ಲರಿಗೂ ಒಗ್ಗುವುದಿಲ್ಲ. ಮೊಣಕಾಲು ನೋವಿರುವವರಿಗೆ ಅಟ್ಟದ ಏಣಿ ದಿನನಿತ್ಯದ ಕಷ್ಟ. ಬೆಂಕಿ ಬಿದ್ದರೆ ಕೆಳಗಿನ ಒಲೆಯ ಹೊಗೆ ಮೊದಲು ಮುತ್ತುವುದೂ ಮಲಗಿದವರನ್ನೇ. ಅದಕ್ಕೆಂದೇ ಮಲಗುವ ಅಟ್ಟದಿಂದ ನೇರವಾಗಿ ಹೊರಬೀಳಲು ತಕ್ಕ ದಾರಿಯಿರಬೇಕು ಎಂಬುದನ್ನು ಸಂಹಿತೆ ಕಡ್ಡಾಯ ಮಾಡಿದೆ. ಚಾವಣಿಯಲ್ಲಿ ತೆರೆಯುವ ಕಿಟಕಿ ಅದಕ್ಕೆ ಒಪ್ಪಿಗೆಯಾದ ಒಂದು ಪರಿಹಾರ.