ಅರಗಿನ ತಟ್ಟೆಯ ಹಾಡು

ಹಳೆಯ ನಾಟಕದ ಹಾಡುಗಳ ಗ್ರಾಮಫೋನ್ ಪ್ಲೇಟುಗಳನ್ನು ಕೂಡಿಡುವ ಹುಚ್ಚು ನನ್ನದು. ನಿಮಿಷಕ್ಕೆ 78 ಸುತ್ತು ತಿರುಗುವ ಈ ತಟ್ಟೆಗಳು ಅರಗಿನವು. ಮರದ ಕೊಂಬೆಗಳಲ್ಲಿ ಬಾಳುವ ಪುಟ್ಟ ಕೀಟದ ಅರಗಿಗೆ ಕಲ್ಲಿನ ಪುಡಿ, ಮಸಿ ಬೆರೆಸಿ ಅಚ್ಚೊತ್ತಿದವು. 10 ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು 3 ನಿಮಿಷದ ಹಾಡಿಗಷ್ಟೇ ಎಡೆ. ರಂಗದ ಮೇಲೆ ಮತ್ತೆ ಮತ್ತೆ ಬೆಳೆಯುತ್ತಿದ್ದ ಹಾಡು ಅಷ್ಟರಲ್ಲಿ ಮುಗಿಯಬೇಕು.

1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿ ಮುದ್ರಿಸಿದ ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ದೂರದ ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚು ಹಾಕುವವರಿಗೆ ಗುರುತು ಸಿಗಲೆಂದು ಆ ಏರ್ಪಾಡು. ಆಕೆ 1930ರಲ್ಲಿ ನಮ್ಮ ಮೈಸೂರಿನಲ್ಲಿಯೇ ತೀರಿಕೊಂಡರು. ತಟ್ಟೆಯ ದನಿ ಇಂದಿಗೂ ಹೆಸರು ಹೇಳುತ್ತದೆ.

ಆದರೆ ಉಕ್ಕಿನ ಮುಳ್ಳು ಒಮ್ಮೆ ಹರಿದಾಡಿದರೆ ತಾನೂ ಸವೆಯುತ್ತದೆ, ತಟ್ಟೆಯ ಗೆರೆಯನ್ನೂ ಸವೆಸುತ್ತದೆ. ಕೇಳಿದಷ್ಟೂ ಹಾಡು ಕ್ಷೀಣ. ನನ್ನ ತಾಯಿ ತಾವು ಬಾಲ್ಯದಲ್ಲಿ ಕೇಳಿದ್ದ ಹಾಡೊಂದನ್ನು ಹಾಕೆಂದರು. ಸವೆದೀತೆಂದು ನಾನು ಒಪ್ಪಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಆ ತಟ್ಟೆ ಇಂದಿಗೂ ಹೊಸದರಂತಿದೆ, ಅವರಿಲ್ಲ.

ಈಗ ಮನೆಗೆ ಬಂದವರು ಯಾರೇ ಬಯಸಿದರೂ ಮುಳ್ಳು ಬದಲಿಸಿ, ಧೂಳು ಒರೆಸಿ, ಮೊದಲು ಆ ಹಾಡನ್ನೇ ಹಾಕುತ್ತೇನೆ.