ಬಾನಿನಲ್ಲಿ ಬಿಳಿಯ ಗೆರೆಗಳು

ಬಹು ಎತ್ತರದಲ್ಲಿ ವಿಮಾನವೊಂದು ಸಾಗಿದಾಗ ಅದರ ಹಿಂದೆ ಸುಣ್ಣದಿಂದ ಎಳೆದಂತಹ ಗೆರೆ ಮೂಡುವುದನ್ನು ನೀವೆಲ್ಲರೂ ನೋಡಿರಬಹುದು. ಕೆಲವು ದಿನ ಅದು ಕ್ಷಣದಲ್ಲಿ ಮಾಯವಾಗುತ್ತದೆ. ಕೆಲವು ದಿನ ಗಂಟೆಗಟ್ಟಲೆ ಉಳಿದು, ಹಿಂಜಿದ ಹತ್ತಿಯಂತೆ ಹರಡಿಕೊಳ್ಳುತ್ತದೆ. ಇದು ಹೊಗೆಯೇ? ಯಾರಾದರೂ ಚೆಲ್ಲುವ ವಿಷವೇ?

ವಿಮಾನದ ಇಂಧನ ಒಂದು ಬಗೆಯ ಸೀಮೆಎಣ್ಣೆ. ಒಂದು ಕಿಲೋಗ್ರಾಂ ಇಂಧನ ಉರಿದರೆ ಅದರ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ಸುಮಾರು 1.25 ಕಿಲೋಗ್ರಾಂ ನೀರಾವಿ ಉಂಟಾಗುತ್ತದೆ. 11-12 ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿರುತ್ತದೆ. ಅಲ್ಲಿ ಈ ಆವಿಯು ಮಸಿಯ ಸೂಕ್ಷ್ಮ ಕಣಗಳ ಮೇಲೆ ಹನಿಗಟ್ಟಿ, ಒಡನೆಯೇ ಮಂಜಿನ ಹರಳುಗಳಾಗುತ್ತದೆ. ನೀರು ಕುದಿಯುವ ಕೆಟ್ಲಿನ ಮೂತಿಯನ್ನು ಗಮನಿಸಿರಿ: ಮೂತಿಯ ಬಳಿ ಏನೂ ಕಾಣದು, ತುಸು ದೂರದಲ್ಲಿ ಬಿಳುಪು ತೋರುತ್ತದೆ. ವಿಮಾನಕ್ಕೂ ಗೆರೆಗೂ ನಡುವೆ ಇರುವ ತೆರಪಿಗೆ ಇದೇ ಕಾರಣ. ಮಂಗಳೂರಿನಲ್ಲಿ ಇಳಿಯಲು ತಗ್ಗಿ ಬರುವ ವಿಮಾನಕ್ಕೆ ಗೆರೆಯಿಲ್ಲ. ಏಕೆಂದರೆ ಕೆಳಗಿನ ಗಾಳಿ ಬೆಚ್ಚಗಿರುತ್ತದೆ.

ಇನ್ನು ಗೆರೆಗಳ ವೈಚಿತ್ರ್ಯ. ಮೇಲಿನ ಗಾಳಿ ಒಣಗಿದ್ದರೆ ಹರಳುಗಳು ಬೇಗನೆ ಆವಿಯಾಗುತ್ತವೆ. ತೇವವಿದ್ದರೆ ಉಳಿದು ಬೆಳೆಯುತ್ತವೆ. ಒಣ ಗಾಳಿ, ತೇವದ ಗಾಳಿ ಎರಡೂ ಒಂದರ ಪಕ್ಕ ಒಂದಿದ್ದರೆ ಗೆರೆ ತುಂಡುತುಂಡಾಗಿ ಕಾಣುತ್ತದೆ. ಗೆರೆಯ ನೆರಳು ಕೆಳಗಿನ ತೆಳುಮೋಡದ ಮೇಲೆ ಬಿದ್ದರೆ ಕಪ್ಪು ಪಟ್ಟಿಯೊಂದು ತೋರುತ್ತದೆ. ಸಂಜೆ ಪಡುವಣ ದಿಕ್ಕಿನಿಂದ ನಮ್ಮತ್ತ ಬರುವ ವಿಮಾನದ ಗೆರೆ, ಸಮುದ್ರದಿಂದ ನೆಟ್ಟಗೆ ಮೇಲೇಳುವ ಬೆಂಕಿಯ ಬಾಣದಂತೆ ಕಂಡೀತು. 2010ರ ನವೆಂಬರ್ 8ರಂದು ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಇಂತಹ ಗೆರೆಯನ್ನು ಕಂಡು ಕ್ಷಿಪಣಿಯೆಂದು ದೊಡ್ಡ ಗುಲ್ಲೆದ್ದಿತ್ತು. ವಿಮಾನದ ಗೆರೆಯಲ್ಲದೆ ಬೇರೇನೆಂದು ಹೇಳಲು ಆಧಾರವಿಲ್ಲವೆಂದು ಅಲ್ಲಿನ ರಕ್ಷಣಾ ಇಲಾಖೆ ಬಳಿಕ ತಿಳಿಸಿತು.

ವಿಷದ ಶಂಕೆಯನ್ನು ನಮ್ಮ ಕಾಸರಗೋಡಿನಲ್ಲಿ ನಕ್ಕು ತಳ್ಳಿಹಾಕುವಂತಿಲ್ಲ. ಇಲ್ಲಿನ ಗೇರುತೋಟಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯಂತಹ ಊರುಗಳ ಎಷ್ಟೋ ಮನೆಗಳು ಇಂದಿಗೂ ಅದರ ನೋವನ್ನು ಉಣ್ಣುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟು ಆ ಔಷಧವನ್ನು ದೇಶದಲ್ಲೆಲ್ಲ ತಡೆಹಿಡಿಯಿತು. ಆದರೆ ವ್ಯತ್ಯಾಸವನ್ನು ಅರಿಯಬೇಕು. ಬೆಳೆಗೆ ಔಷಧ ಬೀಳಬೇಕಾದರೆ ಮರಗಳ ತಲೆಗೆ ಹತ್ತಿರವಾಗಿ ಹಾರಬೇಕು. 11 ಕಿಲೋಮೀಟರ್ ಮೇಲಿಂದ ಸುರಿದದ್ದು ಎತ್ತಲೋ ತೇಲಿಹೋಗುತ್ತದೆ. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ 77 ತಜ್ಞರ ಪೈಕಿ 76 ಮಂದಿ, ರಹಸ್ಯ ಸಿಂಪಡಣೆಗೆ ತಮಗೆ ಯಾವ ಪುರಾವೆಯೂ ಕಂಡಿಲ್ಲವೆಂದರು.

ಹಾಗೆಂದು ಈ ಗೆರೆಗಳು ಪೂರ್ಣ ನಿರಪಾಯಕಾರಿಗಳೂ ಅಲ್ಲ. ಹರಡಿದ ಗೆರೆಗಳು ಕಂಬಳಿಯಂತೆ ಭೂಮಿಯ ಶಾಖವನ್ನು ಹಿಡಿದಿಡುವುದರಿಂದ, ಒಟ್ಟಿನಲ್ಲಿ ಭೂಮಿಯನ್ನು ಬಿಸಿಮಾಡುತ್ತವೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ.

ವಿದ್ಯಾರ್ಥಿಗಳೇ, ಇನ್ನು ಮುಂದೆ ಗೆರೆ ಕಂಡಾಗ ವೇಳೆ, ದಿಕ್ಕು, ಉಳಿದ ನಿಮಿಷಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ತಿಂಗಳಾದ ಮೇಲೆ ಆ ಪುಟಗಳನ್ನು ತಂದೆತಾಯಿಯರಿಗೂ ತೋರಿಸಿ. ಮೇಲಿನ ಗಾಳಿಯ ತೇವ ದಿನದಿಂದ ದಿನಕ್ಕೆ ಹೇಗೆ ಬದಲಾಯಿತೆಂಬುದು ಅವುಗಳಿಂದಲೇ ತಿಳಿದೀತು.